ಕೆಂಭಾವಿಯ ಕ್ಯಾಪ್ಟನ್ನೂ ಹಸಿರು ಬಟನ್ನೂ

ಕೆಂಭಾವಿಯಿಂದ ಸಮುದ್ರ ಎಷ್ಟು ದೂರ ಎಂದು ಇದುವರೆಗೆ ಯಾರೂ ಅಳೆದಿಲ್ಲ. ಅಳೆಯುವ ಪ್ರಸಂಗವೂ ಬಂದಿಲ್ಲ. ಹಾಗಿದ್ದೂ ಆ ಊರಿಗೆ ಒಬ್ಬ ಕ್ಯಾಪ್ಟನ್ ಇದ್ದ. ಹೆಸರು ಸರದಾರಸಾಬ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವುದು, ಕೆಟ್ಟ ಸ್ಟಾರ್ಟರುಗಳನ್ನು ಬಿಚ್ಚಿ ಕಟ್ಟುವುದು ಅವನ ಉದ್ಯೋಗ. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಪರದೆ. ಪರದೆಯ ಆಚೆ ಹೆಂಡತಿ ಕುಬ್ರಾಬೇಗಂ. ಈಚೆ ಗೋಡೆಯ ಮೇಲೆ ಆ ಫೋಟೋ.

ಫೋಟೋದ ಕಥೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಸರದಾರಸಾಬ ಪ್ರಾಯದಲ್ಲಿ ಎರಡು ವರ್ಷ ದುಬೈಗೆ ಹೋಗಿದ್ದ. ಶ್ರೀಮಂತರು ತಮ್ಮ ಬೋಟುಗಳನ್ನು ಕಟ್ಟಿಹಾಕುವ ಕಟ್ಟೆಯ ಮೇಲೆ ಅವನಿಗೆ ಕೆಲಸ. ಕೆಲಸವೆಂದರೆ ಬೋಟು ತೊಳೆಯುವುದು. ಒಂದು ಮಧ್ಯಾಹ್ನ ಮಾಲೀಕ ಊಟಕ್ಕೆ ಹೋದಾಗ ಸಂಗಡಿಗನೊಬ್ಬ ಇವನ ತಲೆಗೆ ಯಾರದೋ ಬಿಳಿ ಟೊಪ್ಪಿಗೆ ಇಟ್ಟು, ಬೋಟಿನ ಸ್ಟೀರಿಂಗ್ ಹಿಡಿಸಿ, ಫೋಟೋ ತೆಗೆದ. ಹಿಂದೆ ನೀಲಿ ಸಮುದ್ರ, ಮುಂದೆ ಹುರಿಮೀಸೆ. ಎಡಗಡೆಯ ಮೂಲೆಯಲ್ಲಿ ಮಾತ್ರ ಒಂದು ಬಕೀಟು, ಬಕೀಟಿನಲ್ಲಿ ಬ್ರಷ್ಷು.

ಇದೇ ಫೋಟೋ ಮದುವೆಯ ಮಾತುಕತೆಗೆಂದು ಶಹಾಪುರಕ್ಕೆ, ಕುಬ್ರಾಬೇಗಂ ತವರಿಗೆ ಹೋಯಿತು. ನೋಡಿದವರೆಲ್ಲ ವರ ಕ್ಯಾಪ್ಟನ್ ಎಂದರು. ಮೀಸೆ ನೋಡಿದ ಕಣ್ಣಿಗೆ ಬಕೀಟು ಎಲ್ಲಿ ಕಾಣಬೇಕು? ಮದುವೆಯಾಗಿ ಅವಳ ಸಾಮಾನಿನ ಜೊತೆ ಫೋಟೋ ಫ್ರೇಮಿನೊಳಗೆ ಕುಳಿತು ಕೆಂಭಾವಿಗೆ ಬಂದಾಗ, ಫ್ರೇಮಿನ ಅಂಚು ಸರಿಯಾಗಿ ಬಕೀಟಿನ ಈಚೆಗೆ ನಿಂತಿತ್ತು. ಕತ್ತರಿ ಆಡಿಸಿದ ಆ ಫ್ರೇಮಿನವನ ಕೈಯಲ್ಲಿ ಆ ಹೊತ್ತು ದೇವರೇ ಕುಳಿತಿರಬೇಕೆಂದು ಸರದಾರಸಾಬ ಇಪ್ಪತ್ತಾರು ವರ್ಷಗಳಿಂದ ನಂಬಿದ್ದ. ಕಾಣದ ಆ ಪುಣ್ಯಾತ್ಮನಿಗೆ ಪ್ರತಿ ಶುಕ್ರವಾರ ಒಂದು ದುವಾ ಖಾಯಂ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸರದಾರಸಾಬ ಒಂದು ದಿನವೂ ಬಾಯಿಬಿಟ್ಟು ಸುಳ್ಳು ಹೇಳಿದವನಲ್ಲ. ‘ಕ್ಯಾಪ್ಟನ್ ಆಗಿದ್ರೇನ್ರಿ’ ಎಂದು ಯಾರಾದರೂ ಕೇಳಿದರೆ ಮೀಸೆಯ ಮೇಲೆ ಕೈಯಾಡಿಸಿ ಸುಮ್ಮನಾಗುತ್ತಿದ್ದ. ಮೀಸೆ ಸುಳ್ಳು ಹೇಳಿದರೆ ಅದಕ್ಕೆ ಅವನು ಹೇಗೆ ಹೊಣೆಯಾದಾನು? ಆದರೆ ಒಳಗೊಳಗೆ ಒಂದು ಹೆದರಿಕೆ ಅವನನ್ನು ಬಿಟ್ಟಿರಲಿಲ್ಲ. ಕ್ಯಾಪ್ಟನ್ ಎಂದು ಕೈಹಿಡಿದು ಬಂದ ಹೆಣ್ಣು, ಬೋಟು ತೊಳೆಯುವವನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೇನೆಂದು ತಿಳಿದ ದಿನ ಏನೆಂದಾಳು? ಊರೇ ನಕ್ಕರೂ ತಡೆದುಕೊಳ್ಳಬಲ್ಲ. ಅವಳ ಕಣ್ಣಿನಲ್ಲಿ ಸಣ್ಣವನಾಗುವುದನ್ನು ಮಾತ್ರ ಅವನಿಂದ ತಡೆಯಲಾಗುತ್ತಿರಲಿಲ್ಲ.

ಕ್ಯಾಪ್ಟನ್‌ಗಿರಿಯ ಮೇಲೆ ಸಂಶಯ ಇಟ್ಟವನು ಇಡೀ ಸೀಮೆಗೆ ಒಬ್ಬನೇ, ಕುಬ್ರಾಬೇಗಂ ತಮ್ಮ ವಹಾಬ. ಶಹಾಪುರದ ಟವೆಲ್ಲು ಬೆಡ್‌ಶೀಟಿನ ವ್ಯಾಪಾರಿ. ಸಂತೆಗೆ ಕೆಂಭಾವಿಗೆ ಬಂದಾಗ ಅಕ್ಕನ ಮನೆಯಲ್ಲಿ ಊಟ. ಊಟವಾದ ಮೇಲೆ ಹಲ್ಲಿಗೆ ಕಡ್ಡಿ ಹಾಕಿಕೊಂಡು ಫೋಟೋದ ಮುಂದೆ ನಿಲ್ಲುವುದು. ಸಮುದ್ರ ಬಿಟ್ಟು ಈ ಒಣ ನೆಲಕ್ಕೆ ಯಾಕೆ ಬಂದಿರಿ ದೂಲ್ಹಾಭಾಯಿ ಎಂದು ಅಕ್ಕನ ಗಂಡನನ್ನು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಮೋಟಾರುಗಳ ಪ್ರೀತಿ ಎಂದು ದೂಲ್ಹಾಭಾಯಿ ಹೇಳುತ್ತಿದ್ದ. ಅದು ನಿಜವೂ ಹೌದು. ಅಲ್ಲಿಯ ರೈತರಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಕರೆಂಟಿಗೇ ಗೊತ್ತಿರುವುದಿಲ್ಲ. ಅದಕ್ಕೆ ಎಲ್ಲರೂ ಸ್ಟಾರ್ಟರಿಗೆ ‘ಆಟೋ’ ಕೂಡಿಸುತ್ತಾರೆ. ಕರೆಂಟು ಬಂದಾಗ ಮೋಟಾರು ತಾನೇ ಎದ್ದು, ಹೋದಾಗ ತಾನೇ ಮಲಗುತ್ತದೆ. ಹಸಿರು ಬಟನ್ನು ಚಾಲೂ, ಕೆಂಪು ಬಟನ್ನು ಬಂದ್. ಕೆಂಪನ್ನು ಮುಟ್ಟುವವರೇ ಇಲ್ಲದೆ ಅದರ ಮೇಲೆ ಜೇಡ ಮನೆ ಕಟ್ಟಿರುತ್ತದೆ. ಚಾಲೂ ಮಾಡೂದು ನಮ್ಮ ಕೆಲಸ, ಬಂದ್ ಮಾಡೂದು ಕರೆಂಟಿನ ಕೆಲಸ ಎಂಬುದು ಸರದಾರಸಾಬನ ಸಿದ್ಧಾಂತ. ಸಾವಿರ ಮೋಟಾರು ಚಾಲೂ ಮಾಡಿದ ಆ ಕೈ ಒಂದನ್ನೂ ಬಂದ್ ಮಾಡಿರಲಿಲ್ಲ.

ಹೀಗಿರುವಾಗ ಒಂದು ಸಂತೆಯ ದಿನ ಎಮ್ಮಿಗಡ್ಡಿ ಪಂಚಾಯ್ತಿಯ ಪಿಡಿಓ ಕಾಂತೇಶ, ಕುಡಿಯುವ ನೀರಿನ ಮೋಟಾರನ್ನು ಜೀಪಿನಲ್ಲಿ ಹಾಕಿಕೊಂಡು ಅಂಗಡಿಗೆ ಬಂದ. ಎಮ್ಮಿಗಡ್ಡಿ ಎಂದರೆ ಕೃಷ್ಣೆಯ ನಡುವಿನ ನಡುಗಡ್ಡೆ. ಆಚೆ ದಡದಿಂದ ಈಚೆ ದಡಕ್ಕೆ ದ್ಯಾವಪ್ಪನ ಹರಗೋಲು ಒಂದೇ ಆಸರೆ. ಹೊಳೆ ತುಂಬಿದರೆ ಅದೂ ಇಲ್ಲ. ಮುಂಬೈಯ ಯಾವುದೋ ಕಂಪನಿ ಪುಣ್ಯ ಕಟ್ಟಿಕೊಳ್ಳಲು ಒಂದು ಬೋಟು ದಾನ ಕೊಟ್ಟಿತ್ತು. ಅಂಥಿಂಥ ಬೋಟಲ್ಲ. ಎರಡು ಎಂಜಿನ್ನು, ಎರಡಕ್ಕೂ ಸೇರಿ ಒಂದು ಕಂಪ್ಯೂಟರು. ತಿರುಗಿಸುವುದು, ಓಡಿಸುವುದು ಎಲ್ಲವೂ ತಂತಿಯ ಮೇಲೆ. ಕಂಪನಿಯ ಎಂಜಿನಿಯರ್ ಬಂದು ಅರ್ಧ ದಿನ ವಿವರಿಸಿ ಹೋಗಿದ್ದ. ಕಾಂತೇಶ ಶ್ರದ್ಧೆಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಬರೆದದ್ದು ಇಷ್ಟು: ‘ಎಲ್ಲಾ ಆಟೋಮ್ಯಾಟಿಕ್. ಚಿಂತೆ ಇಲ್ಲ.’

ಬೋಟು ಬಂತು, ಉದ್ಘಾಟನೆಯ ದಿನವೂ ಗೊತ್ತಾಯಿತು, ಓಡಿಸುವವನು ಮಾತ್ರ ಸಿಕ್ಕಿರಲಿಲ್ಲ. ಮೂರು ವಾರದಿಂದ ಹುಡುಕಿ ಸೋತಿದ್ದ ಕಾಂತೇಶ ತಲೆಯೆತ್ತಿ ಗೋಡೆ ನೋಡಿದ. ನೋಡಿದವನು ಕುರ್ಚಿಯಿಂದ ಎದ್ದುನಿಂತ. ಆಮೇಲೆ ಕೈಮುಗಿದ.

ಸರದಾರಸಾಬ ತಪ್ಪಿಸಿಕೊಳ್ಳಲು ಮಾಡದ ಕಸರತ್ತಿಲ್ಲ. ರೂಢಿ ತಪ್ಪಿದೆ ಎಂದ. ಉಪ್ಪುನೀರಿನ ಬೋಟು ಬೇರೆ, ಸಿಹಿನೀರಿನ ಬೋಟು ಬೇರೆ ಎಂದ. ಬೆನ್ನುನೋವು ಎಂದ. ಅಷ್ಟರಲ್ಲಿ ಹಲ್ಲಿನ ಕಡ್ಡಿ ತೆಗೆದು ವಹಾಬ ನಡುವೆ ಬಾಯಿ ಹಾಕಿದ.

“ದೂಲ್ಹಾಭಾಯಿ ಬರತಾರ್ರಿ ಸಾಹೇಬ್ರ. ಸಮುದ್ರಾನ ನಡಸಿದವರಿಗಿ ಹೊಳಿ ಯಾವ ಲೆಕ್ಕ? ನಾನೂ ದುಕಾನ ಬಂದ್ ಮಾಡಿ ನೋಡಾಕ ಬರತೀನಿ.”

ಪರದೆಯ ಹಿಂದೆ ಬಳೆಗಳ ಸದ್ದಾಯಿತು. ಕುಬ್ರಾಬೇಗಂ ದನಿ ಬಂತು. “ಹಂಗಿದ್ರ ನಾನೂ ಬರತೀನಿ.”

ಸರದಾರಸಾಬನ ಕೈ ಮೀಸೆಯ ಮೇಲಿತ್ತು, ಅಲ್ಲೇ ಉಳಿಯಿತು. ಕಾಂತೇಶ ಅದನ್ನೇ ಒಪ್ಪಿಗೆ ಎಂದು ತಿಳಿದು ಜೀಪು ಹತ್ತಿದ.

ಎರಡೇ ದಿನದಲ್ಲಿ ಕೆಂಭಾವಿಯ ತುಂಬ ಸುದ್ದಿ. ದರ್ಜಿ ಬಿಳಿ ಟೊಪ್ಪಿಗೆ ಹೊಲಿದು ಕಾಣಿಕೆ ಕೊಟ್ಟ. ಜಾಗತಿಕ ಮಟ್ಟದ ಕ್ಯಾಪ್ಟನ್ ನಮ್ಮ ಓಣಿಯವನು ಎಂದು ಪಾನ್ ಅಂಗಡಿಯವನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಜಾಗತಿಕ ಎಂದರೆ ಏನೆಂದು ಕೇಳಿದವರಿಗೆ ದುಬೈ ಎಂದ. ಅಭಿನಂದನೆ ಹೇಳಲು ಬಂದವರಿಗೆ ಚಹಾ ಮಾಡಿ ಮಾಡಿ ಕುಬ್ರಾಬೇಗಂ ಸುಸ್ತಾದಳು. ಸರದಾರಸಾಬ ಮಾತ್ರ ಊಟ ಬಿಟ್ಟ. ಬೋಟಿನ ಒಳಗು ಹೊರಗು ಅವನಿಗೆ ಗೊತ್ತಿತ್ತು. ಯಾವ ಸಂದಿಯಲ್ಲಿ ಪಾಚಿ ಕಟ್ಟುತ್ತದೆ, ಯಾವ ಗಾಜಿಗೆ ಯಾವ ಸಾಬೂನು ಎಂಬುದೆಲ್ಲ ಬಾಯಿಪಾಠ. ಆದರೆ ಬೋಟು ಓಡುವಾಗ ಅವನು ಯಾವತ್ತೂ ಅದರೊಳಗೆ ಇದ್ದದ್ದಿಲ್ಲ. ಓಡುವ ಮೊದಲು ಇಳಿಸಿಬಿಡುತ್ತಿದ್ದರು.

ಉದ್ಘಾಟನೆಯ ಬೆಳಿಗ್ಗೆ ಕುಬ್ರಾಬೇಗಂ ಅವನ ಹಣೆ ಮುಟ್ಟಿ ನೋಡಿದಳು. ಮನೆಯಲ್ಲಿ ಅವರ ಮಾತು ದಖನಿ; ಓದುವವರಿಗೆಂದು ಕನ್ನಡದಲ್ಲಿ ಕೊಡುತ್ತೇನೆ.

“ಅಜೀ, ಮೈ ಸುಡಾಕತ್ಯಾದ. ಜ್ವರ ಬಂದಂಗ ಅದ. ಹೋಗೂದು ಬ್ಯಾಡಂತ ಫೋನ್ ಮಾಡಿ ಹೇಳ್ಲೇನು?”

ಇಂಥ ಬಂಗಾರದಂಥ ಜ್ವರವನ್ನು ಹೌದೆಂದು ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಾಗಿಲಲ್ಲಿ ವಹಾಬ ಹೊಸ ಚಪ್ಪಲಿ ಮೆಟ್ಟಿಕೊಂಡು ನಗುತ್ತ ನಿಂತಿದ್ದ. ಸರದಾರಸಾಬ ಟೊಪ್ಪಿಗೆ ಇಟ್ಟುಕೊಂಡು, ಕ್ಯಾಪ್ಟನ್‌ಗೆ ಜ್ವರ ಬರುವುದಿಲ್ಲ ಎಂದುಬಿಟ್ಟ.

ಹೊಳೆಯ ದಂಡೆಯಲ್ಲಿ ಶಾಮಿಯಾನ, ಧ್ವನಿವರ್ಧಕ, ಜನ. ಮೇಲೆ ಎಲ್ಲೋ ಮಳೆಯಾಗಿ ಕೃಷ್ಣೆಗೆ ಹೊಸ ನೀರು ಬಂದಿತ್ತು. ಪಂಚಾಯ್ತಿ ಅಧ್ಯಕ್ಷೆ ಮಲ್ಲಾಬಾಯಿ ಗಂಗಮ್ಮನಿಗೆ ಉಡಿ ತುಂಬಿ, ಬೋಟಿಗೆ ಕಾಯಿ ಒಡೆದಳು. ನೀವೂ ಹತ್ತಿರಿ ಎಂದಾಗ ಮಾತ್ರ, ತನಗೆ ಎಮ್ಮೆಗಳ ಕೆಲಸ ಇದೆ ಎಂದು ಹಿಂದೆ ಸರಿದಳು. ದ್ಯಾವಪ್ಪ ತನ್ನ ಹರಗೋಲಿನಲ್ಲಿ ಕುಳಿತು ಬೀಡಿ ಸೇದುತ್ತ ಹೊಸ ಬೋಟನ್ನು ಮೇಲಿಂದ ಕೆಳಗೆ ನೋಡುತ್ತಿದ್ದ. ನಲವತ್ತು ವರ್ಷ ಜನರನ್ನು ದಾಟಿಸಿದವನು. ಅವನನ್ನು ಕರೆಯಲು ಯಾರಿಗೂ ನೆನಪಾಗಿರಲಿಲ್ಲ.

ಬೋಟು ಹತ್ತಿದ ಸರದಾರಸಾಬ ಮೊದಲು ಸ್ಟೀರಿಂಗ್ ಹುಡುಕಿದ. ಸ್ಟೀರಿಂಗೇ ಇರಲಿಲ್ಲ. ಫೋಟೋದಲ್ಲಿ ಹಿಡಿದಿದ್ದ ಅಷ್ಟು ದೊಡ್ಡ ಚಕ್ರದ ಜಾಗದಲ್ಲಿ ಗೇಣುದ್ದದ ಒಂದು ಕೋಲು, ಕಂಪ್ಯೂಟರಿನ ಒಂದು ಪರದೆ, ಸಾಲಾಗಿ ಬಟನ್ನುಗಳು. ಸ್ಟೀರಿಂಗ್ ಎಲ್ಲಿ ದೂಲ್ಹಾಭಾಯಿ ಎಂದು ವಹಾಬ ಕೇಳಿಯೇಬಿಟ್ಟ. ಚಕ್ರ ಹಳೆ ಕಾಲದ್ದು, ಈಗೆಲ್ಲ ಕೋಲೇ ಎಂದು ಸರದಾರಸಾಬ ಹೇಳಿದ. ಮತ್ತು ಅದು ಅಕಸ್ಮಾತ್ತಾಗಿ ನಿಜವಾಗಿತ್ತು. ಕಾಂತೇಶ ನೋಟ್‌ಬುಕ್ ತೆರೆದು ‘ಎಲ್ಲಾ ಆಟೋಮ್ಯಾಟಿಕ್’ ಎಂದು ಓದಿದ. ಆಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ಸರದಾರಸಾಬನಿಗೆ ತವರಿನವರು ಸಿಕ್ಕಂತಾಯಿತು. ಕೀಲಿ ತಿರುಗಿಸಿದ. ಎರಡೂ ಎಂಜಿನ್ನು ಒಂದೇ ಉಸಿರಿಗೆ ಎದ್ದವು. ದಂಡೆಯ ಜನ ಚಪ್ಪಾಳೆ ತಟ್ಟಿದರು.

ಕೋಲನ್ನು ಮುಂದಕ್ಕೆ ನೂಕಿದರೆ ಬೋಟು ಮುಂದೆ, ಪಕ್ಕಕ್ಕೆ ನೂಕಿದರೆ ಏಡಿಯ ಹಾಗೆ ಪಕ್ಕಕ್ಕೆ. ಒಳ್ಳೆಯ ಸಾಕಿದ ಎತ್ತು ಕೂಡ ಇಷ್ಟು ಮಾತು ಕೇಳುವುದಿಲ್ಲ. ನಡುಹೊಳೆ ಬರುವಷ್ಟರಲ್ಲಿ ಸರದಾರಸಾಬನಿಗೆ ತಾನು ನಿಜವಾಗಿಯೂ ಕ್ಯಾಪ್ಟನ್ ಆಗಿದ್ದೆನೋ ಏನೋ ಎಂಬ ಸಂಶಯ ಹುಟ್ಟಿತ್ತು. ಕುಬ್ರಾಬೇಗಂ ಎರಡೂ ಕೈಯಲ್ಲಿ ಬುತ್ತಿಯ ಡಬ್ಬಿ ಅವುಚಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಅವಳು ಹುಟ್ಟಿದ ಮೇಲೆ ನೀರಿನ ಮೇಲೆ ಕುಳಿತದ್ದು ಅದೇ ಮೊದಲು.

ಆಗ ಕಾಂತೇಶ, ದಂಡೆಯಿಂದ ಫೋಟೋ ತೆಗೆಯುತ್ತಾರೆ, ಇಲ್ಲಿ ಸ್ವಲ್ಪ ನಿಲ್ಲಿಸಿ ಎಂದ. ನಿಲ್ಲಿಸುವುದು. ಸರದಾರಸಾಬನ ಸಿದ್ಧಾಂತದಲ್ಲಿ ಆ ಅಧ್ಯಾಯವೇ ಇರಲಿಲ್ಲ. ಬಟನ್ನುಗಳ ಮೇಲೆ ಕಣ್ಣಾಡಿಸಿದ. ಒಂದರ ಮೇಲೆ ಲಂಗರಿನ ಚಿತ್ರ ಕಂಡಿತು. ದುಬೈಯಲ್ಲಿ ಎಷ್ಟೋ ಲಂಗರುಗಳ ಕೆಸರು ಉಜ್ಜಿದ್ದ. ಲಂಗರು ಬಿಟ್ಟರೆ ಬೋಟು ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಒತ್ತಿದ. ಬಟನ್ನಿನಲ್ಲಿ ಹಸಿರು ದೀಪ ಹತ್ತಿತು. ಹರಿಯುವ ನೀರಿನಲ್ಲಿ ಬೋಟು ಗೂಟಕ್ಕೆ ಕಟ್ಟಿದ ಹಾಗೆ ನಿಂತಿತು.

ಫೋಟೋ ಆಯಿತು. ಇನ್ನು ನಡೀರಿ ಎಂದ ಕಾಂತೇಶ. ಸರದಾರಸಾಬ ಕೋಲು ನೂಕಿದ. ಬೋಟು ಒಂದು ಮಾರು ಸರಿದು, ಪೀಂ ಎಂದು ಕೂಗಿ, ಹಿಂದೆ ಬಂದು ಮೊದಲಿನ ಜಾಗದಲ್ಲೇ ನಿಂತಿತು. ಬಲಕ್ಕೆ ನೂಕಿದ, ಪೀಂ, ವಾಪಸು. ಎಡಕ್ಕೆ ನೂಕಿದ, ಅಲ್ಲಿಯೂ ಅದೇ. ನಿಲ್ಲಿಸಿದ್ದನ್ನು ಬಿಡಿಸಬೇಕು ಎಂದು ಅವನಿಗೂ ಹೊಳೆಯಿತು. ಹಸಿರು ಚಾಲೂ, ಕೆಂಪು ಬಂದ್. ಮೂವತ್ತು ವರ್ಷದ ಅನುಭವ ಸುಳ್ಳಾಗುತ್ತದೆಯೇ? ಹಸಿರನ್ನು ಮತ್ತೆ ಮುಟ್ಟಿದರೆ ಇನ್ನಷ್ಟು ಚಾಲೂ ಆದೀತೆಂದು ಅದರ ತಂಟೆಗೇ ಹೋಗದೆ, ಕೆಂಪು ಬಟನ್ ಹುಡುಕಿ ಒತ್ತಿದ. ಅದು ಹಾರನ್ ಆಗಿತ್ತು. ಎಮ್ಮಿಗಡ್ಡಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಒಮ್ಮೆ ಕೆಲಸ ಮಾಡಲಿಲ್ಲವೆಂದು ಹತ್ತು ಸಲ ಒತ್ತಿದ. ದಂಡೆಯ ಜನ ಇದು ಕ್ಯಾಪ್ಟನ್‌ನ ಸಲಾಮು ಎಂದು ತಿಳಿದು ಹತ್ತೂ ಸಲ ಕೈಬೀಸಿದರು.

ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡೋಣವೇ ಎಂದು ಕಾಂತೇಶ ಕೇಳಿದ. ಅಷ್ಟರಲ್ಲಿ ಏನೋ ಎಡವಟ್ಟಾಗಿದೆ ಎಂದು ಮೂಸಿದ ದ್ಯಾವಪ್ಪ ಹರಗೋಲು ಹಾಕಿಕೊಂಡು ಹತ್ತಿರ ಬಂದಿದ್ದ. ಬಂದ್ ಮಾಡಬೇಡಿ, ಸೆಳವು ಜೋರಿದೆ, ಕೆಳಗೆ ಬಂಡೆಗಳ ಸಾಲಿದೆ, ಮತ್ತೆ ಚಾಲೂ ಆಗದಿದ್ದರೆ ಬೋಟು ಪುಡಿಪುಡಿ ಎಂದು ಹೇಳಿದ. ಕಾಂತೇಶ ಕೀಲಿಯಿಂದ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡ.

ದ್ಯಾವಪ್ಪ ಹಗ್ಗ ಕಟ್ಟಿ ಎಳೆದ. ಬೋಟು ಎರಡು ಮಾರು ಬಂದು, ಪೀಂ ಎಂದು, ಹರಗೋಲನ್ನೂ ಎಳೆದುಕೊಂಡು ತನ್ನ ಜಾಗಕ್ಕೆ ಹೋಯಿತು. ಹರಗೋಲು ಬುಗುರಿಯಂತೆ ತಿರುಗಿ, ದ್ಯಾವಪ್ಪನ ಬೀಡಿ ನೀರಿಗೆ ಬಿತ್ತು. ಆಗ ಅವನಿಗೂ ಸಿಟ್ಟು ಬಂತು.

ದಂಡೆಯಲ್ಲಿ ಸಭೆ ಸೇರಿತು. ಗಂಗಮ್ಮ ಹಿಡಿದಿದ್ದಾಳೆ, ಉಡಿಯಲ್ಲಿ ಕುಬಸದ ಕಣ ಕಡಿಮೆ ಇತ್ತು ಎಂದು ಒಂದು ಪಕ್ಷ. ನೀರೊಳಗೆ ಕಂಪನಿಯವರು ಸರಪಳಿ ಹಾಕಿದ್ದಾರೆ ಎಂದು ಇನ್ನೊಂದು ಪಕ್ಷ. ಮಲ್ಲಾಬಾಯಿ ಎರಡೂ ಪಕ್ಷವನ್ನು ಸುಮ್ಮನಿರಿಸಿ ತನ್ನ ಎಂಟು ಎಮ್ಮೆಗಳನ್ನು ಹೊಡೆದುಕೊಂಡು ಬಂದಳು. ಊರಿನ ಹಗ್ಗಕ್ಕೆಲ್ಲ ಗಂಟುಹಾಕಿ, ದ್ಯಾವಪ್ಪನ ಕೈಯಿಂದ ಒಂದು ತುದಿ ಬೋಟಿಗೆ, ಇನ್ನೊಂದು ತುದಿ ಎಮ್ಮೆಗಳ ನೊಗಕ್ಕೆ ಕಟ್ಟಿಸಿದಳು. ಎಂಟು ಎಮ್ಮೆಗಳು ದಂಡೆಯ ಮೇಲಕ್ಕೆ ಎಳೆದವು. ಎರಡು ಎಂಜಿನ್ನುಗಳು ಹೊಳೆಯ ಒಳಕ್ಕೆ ಎಳೆದವು. ಬೋಟು ಇಪ್ಪತ್ತು ಅಡಿ ಬಂತು. ಜನ ಹೋ ಎಂದರು. ಆ ಗದ್ದಲಕ್ಕೆ ಎಮ್ಮೆಗಳು ಹಿಂದಿರುಗಿ ನೋಡಿದವು. ಹಿಂದೆ ತಣ್ಣನೆಯ ನೀರು ಕಂಡಿತು. ಎಮ್ಮೆಯ ಜಾತಿ, ಹೇಳಬೇಕೇ? ಎಂಟೂ ಸಾಲುಹಿಡಿದು ಹೊಳೆಗೆ ಇಳಿದು ಕಣ್ಣುಮುಚ್ಚಿ ಕುಳಿತವು. ಬೋಟು ಪೀಂ ಎಂದು ತನ್ನ ಜಾಗ ಸೇರಿತು. ಮಲ್ಲಾಬಾಯಿ ಮುಳುಗುವ ಎಮ್ಮೆಗಳ ನೊಗ ಬಿಚ್ಚಿಸುತ್ತ ಕಂಪನಿಯ ಮೂರು ತಲೆಮಾರನ್ನು ಬೈದಳು.

ಕೊನೆಗೆ ಕಾಂತೇಶನಿಗೆ ಎಂಜಿನಿಯರನ ಫೋನ್ ನಂಬರು ನೆನಪಾಯಿತು. ಸ್ಪೀಕರ್ ಹಾಕಿ, ನಮ್ಮ ಜೊತೆ ದುಬೈಯ ಕ್ಯಾಪ್ಟನ್ ಸಾಹೇಬರೇ ಇದ್ದಾರೆ, ಅವರ ಜೊತೆ ಮಾತಾಡಿ ಎಂದು ಫೋನ್ ಸರದಾರಸಾಬನ ಮುಂದೆ ಹಿಡಿದ. ಎಂಜಿನಿಯರ್ ಹಿಂದಿಯಲ್ಲಿ ಬಹಳ ವಿನಯದಿಂದ ಶುರುಮಾಡಿದ. ಕ್ಯಾಪ್ಟನ್ ಸಾಹೇಬರಿಗೆ ಸಣ್ಣಪುಟ್ಟದ್ದು ಹೇಳುವ ಅಗತ್ಯವಿಲ್ಲ, ಲಂಗರ್ ಮೋಡ್ ತೆಗೆದೇ ಇರುತ್ತೀರಿ; ಹಾಗಾದರೆ ದೋಷ ದಿಕ್ಕಿನ ಸೆನ್ಸರಿನಲ್ಲಿರಬೇಕು ಎಂದ. ಸರದಾರಸಾಬ ಹಾಂ ಹಾಂ ಎಂದ. ಎರಡು ಎಂಜಿನ್ನಿನ ಕಂಟ್ರೋಲ್ ಯೂನಿಟ್ಟುಗಳ ಹೊಂದಾಣಿಕೆ ನೋಡಿದಿರಾ ಎಂದರೆ ನೋಡಿದೆ ಎಂದ. ಉಪಗ್ರಹದ ಸಿಗ್ನಲ್ ಎಷ್ಟಿದೆ ಎಂದರೆ ಭರ್ಜರಿ ಇದೆ ಎಂದ. ಅರ್ಧ ಗಂಟೆ ಹೀಗೆ ನಡೆಯಿತು. ಎಂಜಿನಿಯರ್ ಕೇಳುವ ಒಂದೊಂದು ಪ್ರಶ್ನೆಯೂ ಹೆಚ್ಚು ಹೆಚ್ಚು ಗಹನವಾಗುತ್ತ, ಇವನ ಹಾಂ ಹಾಂ ಹೆಚ್ಚು ಹೆಚ್ಚು ಸಣ್ಣದಾಗುತ್ತ ಹೋಯಿತು. ಕೊನೆಗೆ ಆ ಮನುಷ್ಯ, ಇಷ್ಟು ಅನುಭವಿ ಕ್ಯಾಪ್ಟನ್‌ಗೆ ಆಗದ ಕೆಲಸ ಫೋನಿನಲ್ಲಿ ಆಗುವುದಿಲ್ಲ, ನಾಲ್ಕು ದಿನ ಬಿಟ್ಟು ತಾನೇ ಬರುತ್ತೇನೆ ಎಂದ.

ಕಾಂತೇಶ ಪರದೆಯ ಮೂಲೆ ತೋರಿಸಿದ. ಪೆಟ್ರೋಲಿನ ಗೆರೆಗಳಲ್ಲಿ ಎರಡೇ ಉಳಿದಿದ್ದವು. ಹೊಳೆಯ ವಿರುದ್ಧ ನಿಲ್ಲಲು ಎಂಜಿನ್ನುಗಳು ಸುಮ್ಮನೆ ಕುಡಿಯುತ್ತಲೇ ಇದ್ದವು. ಅದು ಮುಗಿದರೆ ಮುಂದೆ ಬಂಡೆಗಳು. ಇಪ್ಪತ್ತಾರು ವರ್ಷ ಈ ದಿನಕ್ಕಾಗಿ ಕಾದಿದ್ದ ವಹಾಬ ಈಗ ನಗುವುದನ್ನು ಮರೆತು ಕಂಬಿಯನ್ನು ಎರಡು ಕೈಯಿಂದ ತಬ್ಬಿದ್ದ. ಅವನ ಹೊಸ ಚಪ್ಪಲಿಯಲ್ಲೊಂದು ಆಗಲೇ ನೀರಿಗೆ ಬಿದ್ದು ರಾಯಚೂರಿನ ದಾರಿ ಹಿಡಿದಿತ್ತು.

ಸರದಾರಸಾಬ ಹಿಂದೆ ತಿರುಗಿ ನೋಡಿದ. ಕುಬ್ರಾಬೇಗಂ ಡಬ್ಬಿ ಅವುಚಿಕೊಂಡು ಅವನನ್ನೇ ನೋಡುತ್ತಿದ್ದಳು. ಡಬ್ಬಿಯ ಮುಚ್ಚಳ ಸಣ್ಣಗೆ ಟಕಟಕ ಅನ್ನುತ್ತಿತ್ತು. ಈ ಹೆಣ್ಣು ತನ್ನ ಟೊಪ್ಪಿಗೆಯನ್ನು ನಂಬಿ ನೀರಿಗೆ ಬಂದಿದ್ದಾಳೆ. ಟೊಪ್ಪಿಗೆ ಉಳಿದು ಅವಳಿಗೇ ಏನಾದರೂ ಆದರೆ ಅದನ್ನು ಯಾರಿಗೆ ತೋರಿಸುವುದು? ಅವನು ಟೊಪ್ಪಿಗೆ ತೆಗೆದು ಪಕ್ಕಕ್ಕೆ ಇಟ್ಟ. ಫೋನಿನ ಹತ್ತಿರ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಸಾಬ್, ನಾ ಕ್ಯಾಪ್ಟನ್ ಅಲ್ಲ. ದುಬೈದಾಗ ಬೋಟ್ ತೊಳಿತಿದ್ದೆ. ಇದು ನನಗ ಏನೂ ತಿಳ್ಯಾಂಗಿಲ್ಲ. ಒಳಗ ನಮ್ಮ ಮನಿಯಾಕಿ ಅದಾಳ. ಏನೂ ತಿಳೀದವಗ ಹೇಳಿದಂಗ ಹೇಳ್ರಿ.”

ಆ ಕಡೆ ಎಂಜಿನಿಯರ್ ದೊಡ್ಡ ನಿಟ್ಟುಸಿರು ಬಿಟ್ಟ. ಈ ಮಾತು ಅರ್ಧ ಗಂಟೆ ಮೊದಲೇ ಹೇಳಬಾರದಿತ್ತೇ ಎಂದ. ಲಂಗರಿನ ಚಿತ್ರದ ಬಟನ್ ಇದೆಯೇ, ಹಸಿರು ದೀಪ ಹತ್ತಿದೆಯೇ? ಹತ್ತಿದ್ದರೆ ಬೋಟು ಉಪಗ್ರಹ ನೋಡಿಕೊಂಡು ನಿಂತ ಜಾಗ ಗುರುತಿಟ್ಟುಕೊಂಡಿದೆ ಎಂದರ್ಥ. ನೀರು ನೂಕಿದರೂ, ಯಾರು ಎಳೆದರೂ ತಾನೇ ಎಂಜಿನ್ ತಿರುಗಿಸಿ ಅಲ್ಲಿಗೇ ಬರುತ್ತದೆ. ಅದೇ ಹಸಿರು ಬಟನ್ನನ್ನು ಮತ್ತೆ ಒತ್ತಿ ಹಿಡಿದು ಮೂರು ಎಣಿಸಿ.

ಹಸಿರನ್ನೇ ಒತ್ತಿದರೆ ಬಂದ್ ಹೇಗಾಗುತ್ತದೆ ಎಂದು ಸರದಾರಸಾಬನ ಮೂವತ್ತು ವರ್ಷದ ಅನುಭವ ಒಳಗಿನಿಂದ ತಕರಾರು ತೆಗೆಯಿತು. ಅದರ ಬಾಯಿ ಮುಚ್ಚಿಸಿ ಒತ್ತಿದ. ವಹಾಬ ಕಣ್ಣುಮುಚ್ಚಿ ಗಟ್ಟಿಯಾಗಿ ಮೂರು ಎಣಿಸಿದ. ದೀ‍ಪ ಆರಿತು. ಬೋಟು ಹಗ್ಗ ಬಿಚ್ಚಿದ ಕರುವಿನಂತೆ ಹಗುರಾಯಿತು. ಮುಂದೆ ದ್ಯಾವಪ್ಪ ಹರಗೋಲಿನಲ್ಲಿ ದಾರಿ ತೋರಿಸುತ್ತ, ಹಿಂದೆ ಬೋಟು ಮೆಲ್ಲಗೆ ಕೋಲಿನ ಮಾತು ಕೇಳುತ್ತ ದಂಡೆಗೆ ಬಂದವು. ಅಲ್ಲಿ ಸರದಾರಸಾಬ ಕೀಲಿಯನ್ನು ಎಡಕ್ಕೆ ತಿರುಗಿಸಿದ. ಎಂಜಿನ್ನು ನಿಂತಿತು. ಅವನು ತನ್ನ ಕೈಯಾರೆ ಬಂದ್ ಮಾಡಿದ ಮೊದಲ ಮೋಟಾರು ಅದು.

ಪಂಚಾಯ್ತಿಯ ದಾಖಲೆಯಲ್ಲಿ ಕಾಂತೇಶ ‘ಬೋಟು ನಿಂತಲ್ಲಿ ಬಹಳ ಗಟ್ಟಿಯಾಗಿ ನಿಲ್ಲುತ್ತದೆ, ಎಂಟು ಎಮ್ಮೆಗಳಿಂದ ಪರೀಕ್ಷಿಸಲಾಗಿದೆ’ ಎಂದು ಬರೆದ. ಹೊಳೆ ಬಲ್ಲವನೇ ಬೋಟು ನಡೆಸಲಿ ಎಂದು ಮಲ್ಲಾಬಾಯಿ ದ್ಯಾವಪ್ಪನ ಹೆಸರು ಹೇಳಿದಳು. ಬಟನ್ನುಗಳ ಪಾಠ ಕಲಿಸುವವನು ಇವನು ಎಂದು ದ್ಯಾವಪ್ಪ ಸರದಾರಸಾಬನನ್ನು ತೋರಿಸಿದ. ತೊಳೆಯುವುದನ್ನೂ ಕಲಿಸುತ್ತೇನೆ ಎಂದ ಸರದಾರಸಾಬ. ಆ ಮಾತಿಗೆ ಯಾರೂ ನಗಲಿಲ್ಲ.

ಜೀಪು ಅವರನ್ನು ಕೆಂಭಾವಿಯ ಮನೆಗೆ ತಂದು ಬಿಟ್ಟಿತು. ಒಂದೇ ಚಪ್ಪಲಿಯ ವಹಾಬನಿಗೆ ಭಯ ಇಳಿದು ನಾಲಿಗೆ ಬಂದಿತ್ತು. ಪಡಸಾಲೆಯಲ್ಲಿ ಕಾಲಿಟ್ಟವನೇ ಫೋಟೋದ ಮುಂದೆ ನಿಂತು, ಇನ್ನು ಇದನ್ನು ಇಳಿಸಬಹುದಲ್ಲ ಆಪಾ ಎಂದ. ಇಳಿಸುತ್ತೇನೆ ಎಂದಳು ಕುಬ್ರಾಬೇಗಂ. ಸ್ಟೂಲು ಹತ್ತಿ ಫೋಟೋ ಇಳಿಸಿ, ಹಿಂದಿನ ಮೊಳೆಗಳನ್ನು ಅಂಗಡಿಯ ಸ್ಕ್ರೂಡ್ರೈವರಿನಿಂದ ಎಬ್ಬಿಸಿದಳು. ಸರದಾರಸಾಬ ತಲೆ ತಗ್ಗಿಸಿ ಮೋಟಾರಿನ ಮೇಲೆ ಕುಳಿತಿದ್ದ. ಒಳಗಿನಿಂದ ಫೋಟೋ ಬಂತು. ಅದಕ್ಕೆ ಕತ್ತರಿ ಬಿದ್ದಿರಲಿಲ್ಲ. ಎಡಗಡೆಯ ಅಂಚನ್ನು ಯಾರೋ ಉಗುರಿನಿಂದ ತೀಡಿ ಹಿಂದಕ್ಕೆ ಮಡಚಿದ್ದರು. ಅವಳು ಮಡಿಕೆ ಬಿಚ್ಚಿದಳು. ಬಕೀಟು, ಬಕೀಟಿನೊಳಗೆ ಬ್ರಷ್ಷು, ಇಪ್ಪತ್ತಾರು ವರ್ಷವಾದರೂ ಬಣ್ಣ ಮಾಸದೆ ಹೊಸದಾಗಿಯೇ ಇದ್ದವು.

ಸರದಾರಸಾಬ ಅವಳ ಉಗುರುಗಳನ್ನು ನೋಡಿದ. ಪ್ರತಿ ಶುಕ್ರವಾರದ ದುವಾ ಯಾರ ಪಾಲಿನದಿತ್ತು ಎಂದು ಅವನಿಗೆ ಆಗ ತಿಳಿಯಿತು.

“ನಿನಗ ಗೊತ್ತಿತ್ತೇನು?”

“ಬಕೀಟು ನೋಡೇ ಹ್ಞೂಂ ಅಂದಿದ್ದೆ,” ಎಂದಳು ಕುಬ್ರಾಬೇಗಂ. “ಕ್ಯಾಪ್ಟನ್ನರು ಹಡಗದಾಗ ಇರತಾರ. ತೊಳ್ಯಾವರು ಸಂಜಿಕ ಮನಿಗಿ ಬರತಾರ.”

“ಮತ್ತ ಮಡಚಿದಿ ಯಾಕ?”

“ನಿಮಗ ಟೊಪಗಿ ಸೇರತಿತ್ತು.”

ಹಾಗಾದರೆ ಇವತ್ತು ಯಾಕೆ ಬಂದೆ, ನೀರೆಂದರೆ ನಿನಗೆ ಜೀವಭಯ ಎಂದು ಅವನು ಕೇಳಿದ. ಬೋಟು ನಡೆಸಲು ಬರುವುದಿಲ್ಲವೆಂದು ಗೊತ್ತಿದ್ದ ಮೇಲೆ ಒಬ್ಬರನ್ನೇ ಹೇಗೆ ಬಿಡಲಿ ಎಂದಳು. ವಹಾಬ ಒಂದೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಸ್ಸಿಗೆ ಹೊತ್ತಾಯಿತು ದೂಲ್ಹಾಭಾಯಿ ಎಂದು ಮೊದಲ ಸಲ ಮನಸ್ಸಿಟ್ಟು ಸಲಾಮು ಮಾಡಿ ಹೋದ.

ಸರದಾರಸಾಬನಿಗೆ ಕಣ್ಣು ತುಂಬಿ ಬಂದಿತ್ತು. ಕುಬ್ರಾಬೇಗಂ ಫೋಟೋವನ್ನು ಬಕೀಟು ಸಮೇತ ಗೋಡೆಗೆ ಒರಗಿಸಿ, ಒಳಗೆ ಹೋಗಿ, ಬುತ್ತಿಯ ಡಬ್ಬಿ, ಮುಂಜಾನೆಯ ಪಾತೇಲಿ, ತಟ್ಟೆ, ಅಭಿನಂದನೆಯವರು ಕುಡಿದಿಟ್ಟ ಇಪ್ಪತ್ತೆಂಟು ಚಹಾದ ಕಪ್ಪು ಎಲ್ಲವನ್ನೂ ಬಚ್ಚಲಿನಲ್ಲಿ ಇಟ್ಟು ಅವನನ್ನು ಕರೆದಳು. ಕ್ಯಾಪ್ಟನ್ ಸಾಹೇಬರೆಂದು ಇಷ್ಟು ವರ್ಷ ಭಾಂಡಿ ಮುಟ್ಟಗೊಟ್ಟಿರಲಿಲ್ಲ, ಈಗ ಅಂಥ ಅಡ್ಡಿ ಏನೂ ಉಳಿದಿಲ್ಲವಲ್ಲ ಎಂದಳು.

ಸರದಾರಸಾಬ ಅಂಗಿಯ ತೋಳು ಮಡಚಿ, ನಳ ಚಾಲೂ ಮಾಡಿ ಕುಳಿತ. ಎಷ್ಟು ಚೊಕ್ಕವಾಗಿ ತೊಳೆದನೆಂದರೆ ಪಾತೇಲಿಯ ತಳದಲ್ಲಿ ಮೀಸೆ ಕಾಣುತ್ತಿತ್ತು. ಕೊನೆಯ ಕಪ್ಪನ್ನು ಬೋರಲು ಹಾಕಿ, ಕೈ ಒರೆಸಿಕೊಂಡು, ದುಬೈಯಿಂದ ಈಗಷ್ಟೇ ಬಂದವನ ಠೀವಿಯಲ್ಲಿ ಪಡಸಾಲೆಗೆ ನಡೆದ. ಪರದೆಯ ಹಿಂದಿನಿಂದ ಹೆಂಡತಿಯ ದನಿ ಕೇಳಿತು.

“ಅಜೀ, ನಳ ಬಂದ್ ಮಾಡ್ರಿ.”